ಬಿಸಿಲೂರಿನ ಮಂಜು

ಮಂಜಿನ ಚಿತ್ರ ಬೇಕೆಂದರೆ ನಮ್ಮ ಕ್ಯಾಮೆರಾ ಮಂದಿ ಕೊಡಗಿನ ದಾರಿ ಹಿಡಿಯುತ್ತಾರೆ. ರಾಯಚೂರಿನಲ್ಲಿ ಮಂಜೆಲ್ಲಿದೆ ಎಂದು ನಗುವವರನ್ನು ಜನವರಿಯ ನಸುಕಿನಲ್ಲಿ ಗಿಲ್ಲೆಸುಗೂರಿನ ಹೊಲಗಳಿಗೆ ಕರೆದೊಯ್ಯಬೇಕು. ಬಿಸಿಲಿಗೆ ಹೆಸರಾದ ಈ ಬಯಲಿಗೆ ಮಂಜು ಇಳಿಯಲು ಅದರ ಒಣ ಆಕಾಶವೇ ಅರ್ಧ ಕಾರಣ. ಮೋಡವಿಲ್ಲದ, ಗಾಳಿ ಬೀಸದ ಚಳಿಗಾಲದ ರಾತ್ರಿ ನೆಲ ತನ್ನ ಕಾವನ್ನೆಲ್ಲ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಉಳಿದರ್ಧ ಕೆಲಸ ತುಂಗಭದ್ರೆಯದು, ನಾಲೆ ನೀರುಂಡ ಭತ್ತದ ಗದ್ದೆಗಳದು. ಆಫ್ರಿಕಾದ ನಮೀಬ್ ಮರುಭೂಮಿಯ ಮಂಜು ಜಗತ್ತಿಗೇ ಗೊತ್ತು. ಅದು ತಣ್ಣನೆಯ ಬೆಂಗ್ವೆಲಾ ಪ್ರವಾಹ ಹರಿಯುವ ಅಟ್ಲಾಂಟಿಕ್ ಕಡಲಿನಿಂದ ಒಳನಾಡಿಗೆ ಬರುವಂಥದ್ದು. ನಮ್ಮದು ಹೊಲದಲ್ಲೇ ಹುಟ್ಟಿ ಹೊಲದಲ್ಲೇ ಕರಗುತ್ತದೆ. ಅದಕ್ಕೇ ಎತ್ತರವೂ ಕಡಿಮೆ. ಎಷ್ಟೋ ಸಲ ಬೇವಿನ ಮರದ ಬುಡವೇ ಕಾಣುವುದಿಲ್ಲ, ನೆತ್ತಿ ಮಾತ್ರ ಸ್ವಚ್ಛವಾಗಿ ನಿಂತಿರುತ್ತದೆ. ಮಲೆನಾಡಿನಲ್ಲಿ ಈ ನೋಟ ಅಷ್ಟು ಸುಲಭಕ್ಕೆ ಸಿಗದು.

ಇಷ್ಟೆಲ್ಲ ಇದ್ದೂ ತೆಗೆದ ಚಿತ್ರ ಮಸುಕು ಎಂಬ ದೂರು ತಪ್ಪಿದ್ದಲ್ಲ. ದೂರು ಹೇಳುವವರು ಮರುದಿನವೇ ಹೊಸ ಲೆನ್ಸಿನ ಬೆಲೆ ವಿಚಾರಿಸುತ್ತಾರೆ. ದುಡ್ಡು ಉಳಿಸಿಕೊಳ್ಳಿ. ನೂರು ಮೀಟರ್ ಆಚೆ ಮಂಜಿನಲ್ಲಿ ಅಡಗಿದ ಮರವನ್ನು ಚೂಪಾಗಿ ತೋರಿಸುವ ಲೆನ್ಸನ್ನು ಯಾವ ಕಂಪನಿಯೂ ಮಾಡಿಲ್ಲ. ಮರಕ್ಕೂ ಕ್ಯಾಮೆರಾಕ್ಕೂ ನಡುವೆ ಕೋಟ್ಯಂತರ ನೀರಹನಿಗಳು ಬೆಳಕನ್ನು ಚೆದುರಿಸುತ್ತಿರುವಾಗ ಗಾಜು ಏನು ಮಾಡೀತು? ಮಂಜಿನ ಚಿತ್ರಕ್ಕೆ ಬೇಕಾದ್ದು ಹತ್ತಿರದ ಒಂದೇ ಒಂದು ವಸ್ತುವಿನ ಖಚಿತ ಅಂಚು. ಅದು ಸಿಕ್ಕರೆ ಹಿಂದಿನದೆಲ್ಲ ಎಷ್ಟು ಕರಗಿದರೂ ಚಿತ್ರ ಚೂಪಾಗಿಯೇ ಕಾಣುತ್ತದೆ. ಅದಿಲ್ಲದಿದ್ದರೆ ಬರೀ ಬೂದಿಬಣ್ಣ.

ಆ ಅಂಚಿಗೆ ಇಲ್ಲಿ ಬರವಿಲ್ಲ. ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ ತೆನೆ ಹೊತ್ತು ನಿಂತಿರುತ್ತದೆ, ಎಲೆಯಂಚಿನ ತುಂಬ ಇಬ್ಬನಿ. ಗಾಣಧಾಳದ ಪಂಚಮುಖಿ ಪ್ರಾಣದೇವರ ಸುತ್ತಲಿನ ಬಂಡೆಗಳು ರಾತ್ರಿ ತೇವಕ್ಕೆ ಕಪ್ಪೇರಿರುತ್ತವೆ. ಬಿಚ್ಚಾಲಿಯ ನದಿದಡದಲ್ಲಿ ನಿಂತರೆ ಆಚೆ ದಡ ಆಂಧ್ರದ್ದು, ಮಂಜಿದ್ದಾಗ ಅದು ಇಲ್ಲವೇ ಇಲ್ಲ. ನನ್ನ ಮತ ಕೇಳಿದರೆ ಮೊದಲ ಅಂಕ ಜೋಳಕ್ಕೆ.

ಇನ್ನು ಕೈಕೆಲಸ. ಮಬ್ಬಿನಲ್ಲಿ ಆಟೋಫೋಕಸ್‌ಗೆ ಹಿಡಿಯಲು ಆಸರೆ ಸಿಗದೆ ಲೆನ್ಸು ಹಿಂದೆಮುಂದೆ ತಡಕಾಡುತ್ತದೆ. ಅದನ್ನು ಆರಿಸಿ, ಲೈವ್ ವ್ಯೂನಲ್ಲಿ ತೆನೆಯನ್ನು ದೊಡ್ಡದು ಮಾಡಿಕೊಂಡು ಕೈಯಲ್ಲೇ ಫೋಕಸ್ ತಿರುಗಿಸಿ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 24 ಎಂಎಂ ಲೆನ್ಸನ್ನು ಎಫ್/8ಕ್ಕಿಟ್ಟು ಸುಮಾರು ಎರಡೂವರೆ ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಒಂದೂಕಾಲು ಮೀಟರಿನಿಂದ ಆಚೆಗಿನದೆಲ್ಲ ಫೋಕಸ್ಸಿನೊಳಗೆ ಬರುತ್ತದೆ. ಕೆಲವರು ಇನ್ನೂ ಚೂಪಾಗಲಿ ಎಂದು ಎಫ್/22ಕ್ಕೆ ಹೋಗುತ್ತಾರೆ. ಆನ್ಸೆಲ್ ಆಡಮ್ಸ್ ಮತ್ತು ಗೆಳೆಯರು 1932ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಫ್/64 ಎಂದೇ ಗುಂಪಿಗೆ ಹೆಸರಿಟ್ಟುಕೊಂಡದ್ದು ನಿಜ, ಆದರೆ ಅವರ ಕೈಯಲ್ಲಿದ್ದದ್ದು ಹಾಳೆಯಷ್ಟು ದೊಡ್ಡ ಫಿಲ್ಮಿನ ಕ್ಯಾಮೆರಾಗಳು. ನಮ್ಮ ಪುಟ್ಟ ಸೆನ್ಸರ್ ಮೇಲೆ ಅಷ್ಟು ಸಣ್ಣ ಕಿಂಡಿಯಿಂದ ಬಂದ ಬೆಳಕು ಹರಡಿಕೊಂಡು ಚಿತ್ರವನ್ನು ಮೆತ್ತಗೆ ಮಾಡುತ್ತದೆ. ಎಫ್/11 ದಾಟಬೇಡಿ.

ಟ್ರೈಪಾಡ್ ಬೇಕೇ ಬೇಕು. ಗುಂಡಿಯನ್ನು ಬೆರಳಿನಿಂದ ಒತ್ತದೆ ಎರಡು ಸೆಕೆಂಡಿನ ಟೈಮರ್ ಹಾಕಿ. ಆದರೆ ತೆನೆ ತೂಗಾಡುತ್ತಿದ್ದರೆ ಟ್ರೈಪಾಡೂ ಕಾಪಾಡದು, ಐಎಸ್‌ಒ ಏರಿಸಿ ಶಟರ್ ವೇಗ ಹೆಚ್ಚಿಸಲೇಬೇಕು. ಬೆಳ್ಳನೆಯ ಮಂಜನ್ನು ಕ್ಯಾಮೆರಾದ ಮೀಟರು ಬೂದು ಎಂದೇ ಲೆಕ್ಕ ಹಾಕುವುದರಿಂದ ಎಕ್ಸ್‌ಪೋಷರನ್ನು ಮುಕ್ಕಾಲರಿಂದ ಒಂದು ಸ್ಟಾಪ್ ಹೆಚ್ಚಿಸಿಕೊಳ್ಳಬೇಕು. ಹೊರಗಿನ ಚಳಿಗೆ ತಣ್ಣಗಾದ ಲೆನ್ಸನ್ನು ಕಾರಿನ ಬೆಚ್ಚಗಿನ ಗಾಳಿಗೆ ಥಟ್ಟನೆ ತಂದರೆ ತೇವ ಕೂತು ಗಾಜು ಮಸುಕಾದೀತು, ಕಾರಿಗೆ ಮರಳುವಾಗ ಅದನ್ನು ಚೀಲದೊಳಗೆ ಮುಚ್ಚಿಕೊಂಡೇ ಬನ್ನಿ.

ಹೊತ್ತು ಮುಖ್ಯ. ಜನವರಿ ಮೊದಲ ವಾರ ಇಲ್ಲಿ ಸೂರ್ಯ ಹುಟ್ಟುವುದು 6.45ರ ಮೇಲೆ. ಸೂರ್ಯ ಬಂದೊಡನೆ ಮಂಜು ಓಡುತ್ತದೆ ಎಂದುಕೊಂಡು ಕ್ಯಾಮೆರಾ ಚೀಲಕ್ಕೆ ತುಂಬಬೇಡಿ. ಮೊದಲ ಕಾವಿಗೆ ಇಬ್ಬನಿ ಆವಿಯಾಗಿ ಮಂಜು ಕೆಲಹೊತ್ತು ಇನ್ನಷ್ಟು ದಟ್ಟವಾಗುವುದುಂಟು. ಅದು ಪೂರ್ತಿ ಹರಿದು ಎರೆಮಣ್ಣು ಕಾಯಲು ಶುರುವಾದರೆ ನೆಲದಿಂದೇಳುವ ಬಿಸಿಗಾಳಿಗೆ ದೂರದ್ದೆಲ್ಲ ಕುಣಿಯುತ್ತದೆ, ಟೆಲಿ ಲೆನ್ಸಿಗೆ ಅಲ್ಲಿಗೆ ಕೆಲಸವಿಲ್ಲ. ಮನೆಗೆ ಹೋಗಿ ಸಾಫ್ಟ್‌ವೇರಿನ ಡಿಹೇಜ್ ಪಟ್ಟಿಯನ್ನು ಕೊನೆತನಕ ಎಳೆಯುವವರಿದ್ದಾರೆ. ಮಂಜು ಹುಡುಕಿಕೊಂಡು ಅಷ್ಟು ದೂರ ಹೋಗಿ ಅದನ್ನೇ ಒರೆಸಿಹಾಕುವುದಾದರೆ ಮಧ್ಯಾಹ್ನವೇ ಹೋಗಬಹುದಿತ್ತಲ್ಲ!

ಹೋಗುವವರಲ್ಲಿ ಎರಡು ಕೋರಿಕೆ. ಹೊಲದವರನ್ನು ಕೇಳದೆ ಬದು ಏರಬೇಡಿ, ನಾಟಿಯಾದ ಗದ್ದೆಯೊಳಗೆ ಟ್ರೈಪಾಡ್ ಊರಬೇಡಿ. ಮಂತ್ರಾಲಯಕ್ಕೆ ಹೋಗುವ ವಾಹನಗಳು ಮಂಜಿನಲ್ಲೂ ವೇಗ ತಗ್ಗಿಸುವುದಿಲ್ಲ. ಎಷ್ಟೇ ಚಂದ ಕಂಡರೂ ರಸ್ತೆ ಮಧ್ಯೆ ನಿಂತು ಚಿತ್ರ ತೆಗೆಯಬೇಡಿ.