ಓದುಗ ಅಂದರೆ ಯಾರು? ಚೋಮ, ರೂ ಮತ್ತು ನಮ್ಮ ಕಡೆಯ ಮಾತು

ಒಂದು ಕೃತಿಯ ಬಗ್ಗೆ ‘ಓದುಗರ ಅಭಿಪ್ರಾಯ’ ಎಂದು ಅಚ್ಚಾಗುವುದು ಯಾವ ಓದುಗರದ್ದು? ಕನ್ನಡ ವಿಮರ್ಶೆ ಈ ಪ್ರಶ್ನೆಯನ್ನು ನೇರವಾಗಿ ಕೇಳಿದ್ದು ಕಡಿಮೆ. ನಮ್ಮಲ್ಲಿರುವ ‘ಸಹೃದಯ’ ಎಂಬ ಹಳೆಯ ಶಬ್ದವೇ ಅದಕ್ಕೆ ಅಡ್ಡ ನಿಂತಿದೆ. ಸಹೃದಯನಿಗೆ ಹೃದಯ ಉಂಟು, ಜಾತಿ ಇಲ್ಲ. ಅವನು ಯಾವ ಬಾವಿಯ ನೀರು ಕುಡಿದವನು, ಯಾರ ಅಂಗಳದ ಹೊರಗೆ ನಿಂತವನು ಅಂತ ಕಾವ್ಯಮೀಮಾಂಸೆ ವಿಚಾರಿಸುವುದಿಲ್ಲ. ಓದುವವನಿಗೆ ಜಾತಿ ಇರುತ್ತದೆ, ಬಣ್ಣ ಇರುತ್ತದೆ ಎಂಬುದು ಬಯಲಾಗುವುದು ಹೆಚ್ಚಾಗಿ ಕಾದಂಬರಿಯೊಂದು ಸಿನಿಮಾ ಆದಾಗ. ಪುಸ್ತಕದಲ್ಲಿ ಮುಖವನ್ನು ಓದುಗನೇ ಕಲ್ಪಿಸಿಕೊಳ್ಳುತ್ತಾನೆ. ತೆರೆಯ ಮೇಲೆ ಮುಖ ತಾನಾಗಿ ಬಂದು ನಿಲ್ಲುತ್ತದೆ.

2012ರಲ್ಲಿ ಅಮೆರಿಕದಲ್ಲಿ ಹೀಗೊಂದು ಘಟನೆ ನಡೆಯಿತು. ಸುಝಾನ್ ಕಾಲಿನ್ಸ್ ಹದಿಹರೆಯದವರಿಗಾಗಿ ಬರೆದ ‘ದಿ ಹಂಗರ್ ಗೇಮ್ಸ್’ 2008ರಲ್ಲಿ ಪ್ರಕಟವಾಗಿತ್ತು. ಮುಂದೆಂದೋ ಬರಬಹುದಾದ ಒಂದು ಕೇಡುಗಾಲದ ಕತೆ ಅದು. ರಾಜಧಾನಿಯೊಂದರ ಕಾಲಡಿಯಲ್ಲಿ ಹನ್ನೆರಡು ಜಿಲ್ಲೆಗಳು. ಹಿಂದೆ ದಂಗೆ ಎದ್ದದ್ದಕ್ಕೆ ಶಿಕ್ಷೆಯಾಗಿ ಪ್ರತಿ ಜಿಲ್ಲೆಯಿಂದ ವರ್ಷಕ್ಕೊಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಚೀಟಿ ಎತ್ತಿ ಕಳಿಸಬೇಕು. ಒಬ್ಬರು ಉಳಿಯುವ ತನಕ ಆ ಮಕ್ಕಳು ಪರಸ್ಪರ ಕೊಲ್ಲಬೇಕು, ಅದನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಬೇಕು. ಚೀಟಿ ಎಲ್ಲರಿಗೂ ಸಮಾನ ಅಂತ ಹೇಳುತ್ತಾರೆ. ಆದರೆ ಹಸಿದ ಮನೆಯ ಮಗು ಹೆಚ್ಚುವರಿ ಕಾಳು ಬೇಕೆಂದರೆ ತನ್ನ ಹೆಸರಿನ ಇನ್ನಷ್ಟು ಚೀಟಿ ಹಾಕಿಸಿಕೊಳ್ಳಬೇಕು. ಹಾಗಾಗಿ ಬಡವರ ಹೆಸರೇ ಬುಟ್ಟಿಯಲ್ಲಿ ಹೆಚ್ಚು. ‘ಪ್ರತಿಭೆಗೆ ಎಲ್ಲರೂ ಸಮಾನರು’ ಎಂಬ ಮಾತನ್ನು ದಿನಾ ಕೇಳುವ ನಮ್ಮ ಹುಡುಗರಿಗೆ ಈ ಚೀಟಿಯ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕತೆಯಲ್ಲಿ ರೂ ಎಂಬ ಹನ್ನೆರಡು ವರ್ಷದ ಹುಡುಗಿ ಬರುತ್ತಾಳೆ. ಬೇಸಾಯದ ಜಿಲ್ಲೆಯವಳು. ಅವಳ ಚರ್ಮ ಕಡುಕಂದು ಎಂದು ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಸಿನಿಮಾದಲ್ಲಿ ಆ ಪಾತ್ರವನ್ನು ಅಮಾಂಡ್ಲಾ ಸ್ಟೆನ್‌ಬರ್ಗ್ ಎಂಬ ಕಪ್ಪು ಹುಡುಗಿ ಮಾಡಿದಾಗ, ಪುಸ್ತಕವನ್ನು ಪ್ರೀತಿಸಿ ಓದಿದ್ದ ಕೆಲವರು ಸಿಟ್ಟಾದರು. ಅವಳು ಕಪ್ಪು ಅಂತ ಗೊತ್ತೇ ಇರಲಿಲ್ಲ ಅಂದರು. ಕಪ್ಪು ಅಂತ ತಿಳಿದ ಮೇಲೆ ಅವಳ ಸಾವು ಅಷ್ಟು ದುಃಖ ತರಲಿಲ್ಲ ಎಂದೂ ಹೇಳಿದವರಿದ್ದರು.

ಇಲ್ಲಿ ಗಮನಿಸಬೇಕಾದದ್ದು ಅವರ ಕೆಟ್ಟತನವನ್ನಲ್ಲ, ಅವರ ಓದಿನ ಕ್ರಮವನ್ನು. ಅಚ್ಚಾದ ಅಕ್ಷರವನ್ನು ದಾಟಿಕೊಂಡು ಹೋಗಿ, ತಮ್ಮ ಮನೆಯ ಮಗುವನ್ನು ಅಲ್ಲಿ ಕೂರಿಸಿ ಅತ್ತವರು ಅವರು. ತೆರೆಯ ಮೇಲೆ ಬೇರೆಯವರ ಮನೆಯ ಮಗು ಕಂಡಾಗ ಕಣ್ಣೀರನ್ನು ವಾಪಸು ಕೇಳಿದರು.

ಕನ್ನಡದ ಮೇಲ್ಜಾತಿ ಓದುಗ ಹಾಗಲ್ಲ ಅನ್ನಬಹುದು. ನಿಜ, ಅವನ ಸಮಸ್ಯೆ ಬೇರೆ. ನಮ್ಮ ಪುತ್ತೂರಿನಲ್ಲೇ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ತೆಗೆದುಕೊಳ್ಳಿ. ಕಾದಂಬರಿ 1933ರದ್ದು, ಬಿ.ವಿ. ಕಾರಂತರ ಸಿನಿಮಾ 1975ರದ್ದು. ಚೋಮನ ಜಾತಿಯನ್ನು ಕಾಣದೆ ಈ ಪುಸ್ತಕವನ್ನು ಓದಲಿಕ್ಕಾಗುವುದಿಲ್ಲ. ಅವನಿಗೆ ಎತ್ತು ಉಂಟು, ಉಳುವ ಆಸೆ ಉಂಟು. ಹೊಲೆಯನಿಗೆ ಬೇಸಾಯದ ಭೂಮಿ ಕೊಡುವ ಕಟ್ಟಳೆ ಇಲ್ಲ. ಇಡೀ ಕತೆ ನಿಂತಿರುವುದು ಇದರ ಮೇಲೆ. ಹಾಗಾಗಿ ಇಲ್ಲಿನ ಓದುಗ ಜಾತಿಯನ್ನು ನೋಡಿಯೇ ಅತ್ತ. ‘ಪಾಪ ಚೋಮ’ ಅಂದ. ಅಮೆರಿಕದ ಆ ಓದುಗ ಕಪ್ಪು ಮಗುವಿಗೆ ಕಣ್ಣೀರು ಕೊಡಲೊಲ್ಲ. ನಮ್ಮವನು ಧಾರಾಳವಾಗಿ ಕೊಡುತ್ತಾನೆ, ಭೂಮಿ ಕೊಡಲೊಲ್ಲ.

ಈ ಎರಡು ಕತೆಗಳನ್ನೂ ಎರಡು ಸಿನಿಮಾಗಳನ್ನೂ ಇಟ್ಟುಕೊಂಡು ರಾಮಕುಂಜದ ಸುತ್ತಿನ ಕಾಲನಿಗಳ ಕೆಲವರೊಂದಿಗೆ ಮಾತಾಡಿದ್ದುಂಟು. ಇಂಗ್ಲಿಷ್ ಕಾದಂಬರಿಯನ್ನು ಕಾಲೇಜು ಓದುವ ಹುಡುಗಿಯೊಬ್ಬಳು ತುಳುವಿನಲ್ಲಿ ಹೇಳಿದಳು. ಅಲ್ಲಿ ಬಂದ ಮಾತುಗಳು ನಮ್ಮ ವಿಮರ್ಶೆಯ ಪುಸ್ತಕಗಳಲ್ಲಿ ಸಿಗುವಂಥವಲ್ಲ.

ರೂ ಜಿಲ್ಲೆಯಲ್ಲಿ ತಾವೇ ಬೆಳೆದದ್ದನ್ನು ತಿಂದರೆ ಚಾಟಿಯೇಟು ಎಂಬ ಭಾಗ ಬಂದಾಗ ಬೀಡಿ ಕಟ್ಟುವ ಹಿರಿಯ ಅಕ್ಕ ಒಬ್ಬರು ತಡೆದರು: “ಇದು ಮುಂದೆ ಬರುವ ಕಾಲದ್ದು ಅಂತ ಯಾಕೆ ಹೇಳ್ತಿ? ನನ್ನ ಅಜ್ಜಿ ಗದ್ದೆಯಲ್ಲಿ ನಟ್ಟದ್ದು, ಕೊಯ್ದದ್ದು ಎಲ್ಲ ಅವಳೇ. ಉಂಡದ್ದು ಮಾತ್ರ ಬೇರೆಯವರು.” ಕೇಡುಗಾಲದ ಸಾಹಿತ್ಯದ ಬಗ್ಗೆ ಇದಕ್ಕಿಂತ ದೊಡ್ಡ ಟೀಕೆ ನನಗೆ ತಿಳಿದ ಹಾಗೆ ಇಲ್ಲ. ಯಾರು ಈವತ್ತು ಸುಖವಾಗಿದ್ದಾರೋ ಅವರಿಗೆ ಮಾತ್ರ ಕೇಡುಗಾಲ ಭವಿಷ್ಯದಲ್ಲಿರುತ್ತದೆ. ಉಳುವ ಹಕ್ಕಿಲ್ಲ, ಮುಟ್ಟುವ ಹಾಗಿಲ್ಲ, ಸಾಲ ತೀರುವ ತನಕ ಮಕ್ಕಳು ಕಾಫಿ ತೋಟಕ್ಕೆ ಹೋಗಬೇಕು ಎಂಬ ಲೋಕವನ್ನು ಕಾರಂತರು ಕಲ್ಪಿಸಿಕೊಂಡದ್ದಲ್ಲ. ಸುತ್ತ ನೋಡಿ ಬರೆದದ್ದು.

ರಬ್ಬರ್ ಟ್ಯಾಪಿಂಗ್ ಮಾಡುವ ಯುವಕನದ್ದು ಬೇರೆ ತಕರಾರು. ಚೋಮನ ಮಗ ನೀರಿನಲ್ಲಿ ಮುಳುಗುವಾಗ ಯಾರೂ ಮುಟ್ಟುವುದಿಲ್ಲ. ರೂ ಸತ್ತಾಗ ಕಥಾನಾಯಕಿ ಕ್ಯಾಟ್ನಿಸ್ ಅವಳನ್ನು ಮುಟ್ಟುತ್ತಾಳೆ, ಹೂವಿನಿಂದ ಮುಚ್ಚುತ್ತಾಳೆ. “ಆದರೆ ಎರಡರಲ್ಲೂ ನಮ್ಮ ಮಗು ಸಾಯ್ಲಿಕ್ಕೇ ಬಂದದ್ದಲ್ವಾ ಮಾರಾಯ್ರೆ?” ಅಂತ ಕೇಳಿದ. ಉಳಿದವರ ಅಂತಃಕರಣ ಬೆಳಗಲಿ ಅಂತ ಒಂದು ಎಳೆಯ ಜೀವವನ್ನು ಕತೆ ಬಲಿಕೊಡುತ್ತದೆ ಎಂಬುದು ಅವನ ದೂರು. ಇದಕ್ಕೆ ಉತ್ತರ ಸುಲಭ ಅಲ್ಲ.

ಕತೆ ಹೇಳಿದ ಹುಡುಗಿ ಮಾತ್ರ ಬೆಳ್ಳಿಯನ್ನು ಬಿಡಲಿಲ್ಲ. ಅಪ್ಪನ ಸಾಲ ಹರಿದದ್ದು ಬೆಳ್ಳಿಯ ಮೈಮೇಲೆ. ತೋಟದವರು ಅವಳನ್ನು ಬಳಸಿಕೊಂಡರು, ಸಾಲ ಮನ್ನಾ ಆಯಿತು. ಕೊನೆಗೆ ಅವಳನ್ನು ಹೊಡೆದು ಹೊರಗಟ್ಟುವವನು ಚೋಮನೇ. “ಅವನ ದುಡಿ ಎಲ್ಲರಿಗೂ ಕೇಳ್ತದೆ. ಆಮೇಲೆ ಬೆಳ್ಳಿ ಎಲ್ಲಿಗೆ ಹೋದಳು ಸರ್?” ಎಂದಳು. ಕಾದಂಬರಿಯ ಹೆಸರಿನಲ್ಲಿಯೇ ಚೋಮ ಇದ್ದಾನೆ, ಬೆಳ್ಳಿಯ ದುಡಿಮೆ ಇಲ್ಲ. ದಲಿತ ವಿಮರ್ಶೆ ಅಂತ ಹೊರಟ ನಾವು ಗಂಡಸರು ಕೂಡ ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ತಿರುಗಿದ್ದೇವೆ.

ಈಗ ಪುಸ್ತಕ ಮತ್ತು ಸಿನಿಮಾದ ವ್ಯತ್ಯಾಸಕ್ಕೆ ಬರೋಣ. ರೂ ಸತ್ತ ಮೇಲೆ ಕಾದಂಬರಿಯಲ್ಲಿ ಅವಳ ಜಿಲ್ಲೆಯ ಜನ ಕ್ಯಾಟ್ನಿಸ್‌ಗೆ ಒಂದು ರೊಟ್ಟಿ ಕಳಿಸುತ್ತಾರೆ. ತಾವೇ ಹಸಿದವರು ಕೊಟ್ಟ ರೊಟ್ಟಿ ಅದು. ಸಿನಿಮಾದಲ್ಲಿ ರೊಟ್ಟಿ ಇಲ್ಲ. ಆ ಜಿಲ್ಲೆಯ ಜನ ದಂಗೆ ಏಳುತ್ತಾರೆ, ಕಾಳಿನ ರಾಶಿಯನ್ನು ಚೆಲ್ಲುತ್ತಾರೆ, ಪೊಲೀಸರು ಬಂದು ಬಡಿಯುತ್ತಾರೆ. ಕಾದಂಬರಿ ಕೃತಜ್ಞತೆಯನ್ನು ತೋರಿಸಿದಲ್ಲಿ ಸಿನಿಮಾ ಸಿಟ್ಟನ್ನು ತೋರಿಸಿತು. ಆ ಸಿನಿಮಾದ ಮೂರು ಬೆರಳಿನ ಸೆಲ್ಯೂಟನ್ನು 2014ರಲ್ಲಿ ಥಾಯ್ಲೆಂಡಿನ ಹುಡುಗರು, 2021ರಲ್ಲಿ ಮ್ಯಾನ್ಮಾರಿನ ಜನ ಸೇನಾಡಳಿತದ ಎದುರು ಎತ್ತಿದರು. ವ್ಯಾಪಾರಕ್ಕಾಗಿ ಮಾಡಿದ ಸಿನಿಮಾದಿಂದಲೂ ಜನ ತಮಗೆ ಬೇಕಾದದ್ದನ್ನು ಕಿತ್ತುಕೊಳ್ಳುತ್ತಾರೆ.

‘ಚೋಮನ ದುಡಿ’ ಸಿನಿಮಾ ಕೊಟ್ಟದ್ದೇನು? ಮುಖ್ಯವಾಗಿ ಶಬ್ದ. ಕಾದಂಬರಿಯಲ್ಲಿ ದುಡಿ ಎಂಬುದು ಅಕ್ಷರ. ರಂಗಭೂಮಿಯಿಂದ, ಸಂಗೀತದಿಂದ ಬಂದ ಬಿ.ವಿ. ಕಾರಂತರ ಕೈಯಲ್ಲಿ ಅದು ಕಿವಿಗೆ ಬೀಳುವ ವಸ್ತುವಾಯಿತು. ವಾಸುದೇವರಾವ್ ಅವರ ಚೋಮ ಮಾತಿಗಿಂತ ಬೆನ್ನಿನಿಂದ, ಕೈಯಿಂದ ಹೆಚ್ಚು ಹೇಳುತ್ತಾನೆ. ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಸಿನಿಮಾಕ್ಕೆ ಸ್ವರ್ಣಕಮಲ ಬಂತು. ಆದರೆ ಕೊನೆ ಬದಲಾಗಲಿಲ್ಲ. ಎತ್ತುಗಳನ್ನು ಕಾಡಿಗೆ ಅಟ್ಟಿ, ಬಾಗಿಲು ಹಾಕಿಕೊಂಡು, ದುಡಿ ಬಾರಿಸುತ್ತಾ ಚೋಮ ಒಳಗೇ ಸಾಯುತ್ತಾನೆ.

1933ರಲ್ಲಿ ಆ ಮುಚ್ಚಿದ ಬಾಗಿಲು ಸುಳ್ಳಲ್ಲ. 1975ರ ಹೊತ್ತಿಗೆ ಹೊರಗೆ ಬೇರೆ ಸದ್ದುಗಳಿದ್ದವು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಿದ್ದರು. ಅದೂ ಒಂದು ಓದುಗರ ಅಭಿಪ್ರಾಯವೇ. ಅದನ್ನು ಹೇಳಿದ್ದಕ್ಕೆ ಅವರು ಮಂತ್ರಿಪದವಿಯನ್ನೇ ಕಳೆದುಕೊಳ್ಳಬೇಕಾಯಿತು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಗೆ ಬಂತು. ನಮ್ಮ ಜಿಲ್ಲೆಯ ಗೇಣಿ ಒಕ್ಕಲುಗಳು ಡಿಕ್ಲರೇಷನ್ ಕೊಟ್ಟು ಭೂಮಿಯ ಒಡೆಯರಾದರು. ದೊಡ್ಡ ಬದಲಾವಣೆಯೇ, ಸಂಶಯ ಇಲ್ಲ. ಆದರೆ ಚೋಮ ಯಾವ ಫಾರಂ ತುಂಬಿಸಬೇಕಿತ್ತು? ಅವನು ಗೇಣಿದಾರ ಅಲ್ಲ, ಮೂಲದ ಹೊಲೆಯ, ಆಳು. ಉಳುವವನಿಗೆ ಭೂಮಿ ಎಂಬ ಕಾನೂನು, ಉಳಲಿಕ್ಕೇ ಬಿಡದಿದ್ದವನನ್ನು ಬದಿಗಿಟ್ಟು ಹೋಯಿತು. ಬ್ರಿಟಿಷರ ಕಾಲದಲ್ಲೇ ದಲಿತರಿಗೆಂದು ಕಾದಿರಿಸಿದ್ದ ಡಿ.ಸಿ. ಮನ್ನಾ ಭೂಮಿಗಾಗಿ ದಕ್ಷಿಣ ಕನ್ನಡದಲ್ಲಿ ಎಷ್ಟು ಅರ್ಜಿ, ಎಷ್ಟು ಧರಣಿ ಆಗಿದೆ ಎಂಬುದು ಈ ಪತ್ರಿಕೆಯ ಓದುಗರಿಗೆ ತಿಳಿದದ್ದೇ. ಸಿನಿಮಾ ನೋಡಿ ಕಣ್ಣೊರೆಸಿಕೊಂಡವರಿಗೆ ಚೋಮನ ಬೇಡಿಕೆ ಒಂದು ದುರಂತ. ನಮಗೆ ಅದು ಇತ್ಯರ್ಥವಾಗದ ಅರ್ಜಿ.

ಹಾಗಂತ ಕಾರಂತರನ್ನು ಬದಿಗೆ ಸರಿಸಿ ಅಂತ ನಾನು ಹೇಳುತ್ತಿಲ್ಲ. ದಲಿತನ ಕನಸು ಅನ್ನವಲ್ಲ, ಭೂಮಿ ಎಂದು ಅವರು 1933ರಲ್ಲೇ ಗುರುತಿಸಿದರು. ಇದು ಸಣ್ಣದಲ್ಲ. ಕರುಣೆಯನ್ನು ಬೇಡುವ ಕತೆಯೊಳಗೇ ಹಕ್ಕನ್ನು ಬೇಡುವ ಮನುಷ್ಯನೊಬ್ಬ ಇದ್ದಾನೆ. ಭೂಮಿಗಾಗಿ ಮತ ಬದಲಿಸಲು ಹೊರಟ ಚೋಮ ಪಂಜುರ್ಲಿಯನ್ನು ನೆನೆದು ತಿರುಗಿ ಬರುವುದನ್ನು ಮೇಲ್ಜಾತಿ ವಿಮರ್ಶೆ ಅವನ ಮೌಢ್ಯ ಅಂತಲೋ, ಧರ್ಮನಿಷ್ಠೆ ಅಂತಲೋ ಓದಿದೆ. ಕಾಲನಿಯ ಹಿರಿಯರೊಬ್ಬರು ಹೇಳಿದ್ದು ಇಷ್ಟೇ: “ಧಣಿ ಕೊಡದಿದ್ದದ್ದು ಒಂದು ಉಂಟಲ್ಲ, ಭೂತ. ಅದನ್ನೂ ಬಿಟ್ಟರೆ ಅವನದ್ದು ಅಂತ ಎಂತ ಉಳೀತದೆ?” ಇದನ್ನು ಒಪ್ಪಬೇಕೆಂದಿಲ್ಲ. ಮಗ ಗುರುವ ಮತಾಂತರವಾಗಿ ಬೇರೆ ದಾರಿ ಹಿಡಿದ, ಅವನದ್ದೇ ಸರಿ ಎಂದು ಯುವಕರು ಅಲ್ಲಿಯೇ ಜಗಳಕ್ಕೆ ನಿಂತರು. ಆದರೆ ಈ ಜಗಳ ನಮ್ಮೊಳಗಿನದ್ದು, ಜೀವಂತವಾದದ್ದು. ‘ಪಾಪ ಚೋಮ’ ಎಂಬ ಉದ್ಗಾರದಿಂದ ಇಂಥ ಜಗಳ ಹುಟ್ಟುವುದಿಲ್ಲ.

ನಾಗರಾಜ ಮಂಜುಳೆಯವರ ಮರಾಠಿ ಸಿನಿಮಾ ‘ಫ್ಯಾಂಡ್ರಿ’ (2013) ಇಲ್ಲಿ ನೆನಪಾಗುತ್ತದೆ. ಅದರ ಕೊನೆಯಲ್ಲಿ ಅವಮಾನಿತನಾದ ಹುಡುಗ ಬೀಸಿದ ಕಲ್ಲು ನೇರ ನೋಡುವವನ ಮುಖಕ್ಕೆ ಬರುತ್ತದೆ. ಅಲ್ಲಿ ಅಳಲು ಪುರುಸೊತ್ತಿಲ್ಲ, ತಲೆ ತಪ್ಪಿಸಿಕೊಳ್ಳಬೇಕು. ಚೋಮನ ಮುಚ್ಚಿದ ಬಾಗಿಲಿನಿಂದ ಆ ಕಲ್ಲಿನ ತನಕದ ದಾರಿಯಲ್ಲಿ ಆದ ಬದಲಾವಣೆ ಮುಖ್ಯವಾಗಿ ಒಂದೇ: ಕತೆಯೊಳಗೆ ಇದ್ದವನು ಈಗ ಕತೆ ಮಾಡುವವನೂ ಆಗಿದ್ದಾನೆ.

ಓದುವ ಕೆಲಸದಲ್ಲಿಯೂ ಈ ಬದಲಾವಣೆ ಬರಬೇಕು. ಪಠ್ಯದಲ್ಲಿ ‘ಚೋಮನ ದುಡಿ’ ಇಟ್ಟಾಗ ಮೇಷ್ಟ್ರು ತರಗತಿಗೆ ಕೇಳುವ ಪ್ರಶ್ನೆ ‘ಚೋಮನ ಬಗ್ಗೆ ನಿಮಗೆ ಏನನ್ನಿಸಿತು’ ಎಂದಿರುತ್ತದೆ. ಅದೇ ತರಗತಿಯಲ್ಲಿ ಚೋಮನ ಮೊಮ್ಮಕ್ಕಳು ಕೂತಿರುತ್ತಾರೆ, ತಲೆ ತಗ್ಗಿಸಿ. ಅವರಿಗೆ ಅನ್ನಿಸುವುದು ಉಳಿದವರಿಗೆ ಅನ್ನಿಸಿದ್ದಲ್ಲ, ಅದನ್ನು ಹೇಳುವ ಧೈರ್ಯ ಆ ಪ್ರಶ್ನೆ ಕೊಡುವುದಿಲ್ಲ. ಅವರ ಅಭಿಪ್ರಾಯವನ್ನು, ಅದು ತುಳುವಿನಲ್ಲಿರಲಿ, ಬೈಗುಳದಲ್ಲಿರಲಿ, ಬರೆದು ಅಚ್ಚು ಹಾಕುವುದೇ ನಮ್ಮ ಸಣ್ಣ ಪತ್ರಿಕೆಗಳ ಮೊದಲ ಕೆಲಸ. ಬೆಳ್ಳಿ ಎಲ್ಲಿಗೆ ಹೋದಳು ಎಂದು ಕೇಳಿದ ಹುಡುಗಿಯೇ ಅದನ್ನು ಬರೆಯಲಿ ಅಂತ ನಾವು ಅವಳಿಗೆ ಹೇಳಿದ್ದೇವೆ.