ಪರದೇಶದ ಹಾಜರಿ ಪುಸ್ತಕ

ಕನ್ನಡ ಕಥನದಲ್ಲಿ ಮೇಷ್ಟರಿಗೆ ಬರವಿಲ್ಲ. ಹಳ್ಳಿಯ ಏಕೋಪಾಧ್ಯಾಯ ಶಾಲೆಯ ಮಾಸ್ತರರಿಂದ ಹಿಡಿದು, ಸ್ಟಾಫ್ ರೂಮಿನಲ್ಲಿ ಕೂತು ತನ್ನ ಬದುಕಿನ ಅರ್ಥ ಹುಡುಕುವ ಇಂಗ್ಲಿಷ್ ಲೆಕ್ಚರರವರೆಗೆ ಎಲ್ಲರೂ ಬಂದು ಹೋಗಿದ್ದಾರೆ. ಪರದೇಶಕ್ಕೂ ಬರವಿಲ್ಲ. ಇಂಗ್ಲೆಂಡು, ಅಮೆರಿಕಗಳು ನವ್ಯದ ಕಾಲದಿಂದಲೂ ನಮ್ಮ ಕತೆಗಳ ಒಳಗೆ ಇವೆ. ಆದರೆ ಇವೆರಡೂ ಕೂಡುವ ಜಾಗ ಒಂದಿದೆ: ಪರದೇಶದ ಶಾಲೆಯೊಂದರಲ್ಲಿ ನಿಂತು, ತನ್ನ ಊರಿನವಲ್ಲದ, ತನ್ನ ಭಾಷೆಯವಲ್ಲದ ಮಕ್ಕಳ ಹಾಜರಿ ಕರೆಯುವ ಕನ್ನಡದ ಶಿಕ್ಷಕ ಅಥವಾ ಶಿಕ್ಷಕಿ. ನಮ್ಮ ವಿಮರ್ಶೆ ಮತ್ತೆ ಮತ್ತೆ ಚರ್ಚಿಸುತ್ತ ಬಂದ ಕಾದಂಬರಿಗಳಲ್ಲಿ ಈ ಜಾಗ ಖಾಲಿ ಇದೆ. ಯಾಕೆ ಖಾಲಿ ಇದೆ ಎಂಬುದೇ ಈ ಬರಹದ ಪ್ರಶ್ನೆ.

ಇದು ನನಗೆ ಬರೀ ಗ್ರಂಥಾಲಯದಲ್ಲಿ ಹುಟ್ಟಿದ ಪ್ರಶ್ನೆಯಲ್ಲ. ಧಾರವಾಡದಲ್ಲಿ ನನ್ನ ವಯಸ್ಸಿನವರು, ಎಂ.ಎ., ಎಂ.ಎಸ್ಸಿ. ಮುಗಿಸಿ ಬಿ.ಎಡ್. ಮಾಡಿಕೊಂಡವರು, ಈಗ ಎರಡು ಬಗೆಯ ಅರ್ಜಿ ತುಂಬುತ್ತಾರೆ. ಒಂದು, ವರ್ಷ ವರ್ಷವೂ ಹೊಸದಾಗಿ ಹಾಕಬೇಕಾದ ಅತಿಥಿ ಉಪನ್ಯಾಸಕರ ಅರ್ಜಿ. ಇನ್ನೊಂದು, ಮಸ್ಕತ್, ದೋಹಾ, ದುಬೈ, ಮಾಲ್ಡೀವ್ಸ್‌ಗಳ ಶಾಲೆಗಳದ್ದು. ಸಿಬಿಎಸ್‌ಇ ಮಾನ್ಯತೆಯ ಶಾಲೆಗಳೇ ಭಾರತದ ಹೊರಗೆ 200ಕ್ಕೂ ಹೆಚ್ಚಿವೆ. ಅವುಗಳಲ್ಲಿ ಬಹುಪಾಲು ಕೊಲ್ಲಿ ದೇಶಗಳಲ್ಲಿವೆ. ಬ್ರಿಟಿಷ್ ಪಠ್ಯಕ್ರಮದವು, 1968ರಲ್ಲಿ ಜಿನೀವಾದಲ್ಲಿ ಶುರುವಾದ ಐ.ಬಿ. ಪದ್ಧತಿಯವು ಬೇರೆ. ಅಲ್ಲಿಗೆ ಹೊರಟವರ ಪದವಿ ಪ್ರಮಾಣಪತ್ರದ ಹಿಂಬದಿ ಒಂದರ ಮೇಲೊಂದು ಮುದ್ರೆ ಬೀಳುತ್ತದೆ: ರಾಜ್ಯದ್ದು, ವಿದೇಶಾಂಗ ಸಚಿವಾಲಯದ್ದು, ಕೆಲವು ದೇಶಗಳಿಗಾದರೆ ದೂತಾವಾಸದ್ದು. ಅಂಥ ಅರ್ಜಿಯೊಂದು ನನ್ನ ಮೇಜಿನ ಖಾನೆಯಲ್ಲೂ ಇದೆ. ಹೊರಡುವ ಮುನ್ನ ಓದಿಕೊಂಡು ಹೋಗಲು ನಮ್ಮ ಸಾಹಿತ್ಯದಲ್ಲಿ ಏನಿದೆ ಎಂದು ಹುಡುಕಿದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಸೀಮೆಯವರೇ ಆದ ಶಾಂತಿನಾಥ ದೇಸಾಯಿ. ಹಳಿಯಾಳದಲ್ಲಿ ಹುಟ್ಟಿದವರು, ಇಂಗ್ಲಿಷ್ ಪ್ರಾಧ್ಯಾಪಕರು, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದಿ ಬಂದವರು, ಮುಂದೆ ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿ. 1961ರ ‘ಮುಕ್ತಿ’ಯಿಂದ ಕನ್ನಡದಲ್ಲಿ ನವ್ಯ ಕಾದಂಬರಿಯ ದಾರಿ ತೆರೆದವರಲ್ಲಿ ಒಬ್ಬರು. ನನ್ನ ಪ್ರಶ್ನೆಗೆ ಹತ್ತಿರದ್ದು ಹತ್ತು ವರ್ಷದ ನಂತರ ಬಂದ ‘ವಿಕ್ಷೇಪ’. ಉತ್ತರ ಕರ್ನಾಟಕದ ಹಳ್ಳಿಯ ಯುವಕನೊಬ್ಬ ತನ್ನ ಸಾಂಪ್ರದಾಯಿಕ ಪರಿಸರದಿಂದ ತಪ್ಪಿಸಿಕೊಳ್ಳಲು ಹೊರಡುತ್ತಾನೆ. ಮುಂಬಯಿಗೆ ಹೋಗಿ ಇಂಗ್ಲಿಷ್ ಓದುತ್ತಾನೆ. ಅಲ್ಲಿಂದ ಮುಂದಿನ ದಾರಿ ಇಂಗ್ಲೆಂಡಿನದು.

ಈ ನಕ್ಷೆಯನ್ನು ಗಮನಿಸಿ. ಹಳ್ಳಿ, ಮುಂಬಯಿ, ಇಂಗ್ಲೆಂಡು. ಒಂದೊಂದು ನಿಲ್ದಾಣದಲ್ಲೂ ಇಂಗ್ಲಿಷ್ ಭಾಷೆ ಟಿಕೇಟಿನ ಕೆಲಸ ಮಾಡುತ್ತದೆ. ಇಂಗ್ಲಿಷ್ ಎಂದರೆ ಕಲಿತು ಪಾರಾಗುವ ಭಾಷೆ. ಅದನ್ನು ಇನ್ನೊಬ್ಬರಿಗೆ ಕಲಿಸಿ ಹೊಟ್ಟೆ ಹೊರೆಯುವುದು, ಸಂಜೆ ನಲವತ್ತು ನೋಟ್‌ಬುಕ್ ತಿದ್ದುವುದು, ಕಲಿಯಲಾರದ ಹುಡುಗನ ಪಕ್ಕ ಕೂತು ಒಂದೇ ವಾಕ್ಯವನ್ನು ನಾಲ್ಕು ಸಲ ಹೇಳುವುದು, ಇವು ಈ ನಕ್ಷೆಯಲ್ಲಿ ಬರುವುದಿಲ್ಲ. ಕಾದಂಬರಿಯ ಹೆಸರೇ ಹೇಳುವಂತೆ ಅದರ ಗಮನ ಇರುವುದು ಚಿತ್ತದ ಚದುರುವಿಕೆಯ ಮೇಲೆ. ‘ಮುಕ್ತಿ’ ಮತ್ತು ‘ವಿಕ್ಷೇಪ’ ಎಂಬ ಎರಡು ಹೆಸರುಗಳನ್ನು ಅಕ್ಕಪಕ್ಕ ಇಟ್ಟರೆ ನವ್ಯಕ್ಕೆ ಊರು ಬಿಡುವುದೆಂದರೆ ಏನಾಗಿತ್ತು ಎಂಬುದು ತಿಳಿಯುತ್ತದೆ: ಒಂದೋ ಬಿಡುಗಡೆ, ಇಲ್ಲವೇ ದಿಕ್ಕು ತಪ್ಪುವುದು. ಎರಡೂ ಒಬ್ಬ ವ್ಯಕ್ತಿಯ ಒಳಗೆ ನಡೆಯುವ ಘಟನೆಗಳು. ನೌಕರಿ ಹಾಗಲ್ಲ. ಅದು ಇನ್ನೊಬ್ಬರ ಎದುರಿಗೇ ನಡೆಯಬೇಕು.

ಅನಂತಮೂರ್ತಿಯವರ ಉದಾಹರಣೆ ಇನ್ನೂ ಕುತೂಹಲದ್ದು. ಅವರು ಅಧ್ಯಾಪಕರಾಗಿದ್ದೇ ಇಂಗ್ಲೆಂಡಿಗೆ ಸಂಶೋಧನೆಗೆಂದು ಹೋದವರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತು ಬರೆದದ್ದು ‘ಸಂಸ್ಕಾರ’. 1965ರಲ್ಲಿ ಅದನ್ನು ಪ್ರಕಟಿಸಿದ್ದು ಧಾರವಾಡದ ಮನೋಹರ ಗ್ರಂಥಮಾಲೆ, ಜಿ. ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಸಂಸ್ಥೆ. ಬರ್ಮಿಂಗ್‌ಹ್ಯಾಮ್‌ನಿಂದ ಧಾರವಾಡದ ಅಟ್ಟಕ್ಕೆ ಬಂದ ಆ ಹಸ್ತಪ್ರತಿಯಲ್ಲಿ ಇಂಗ್ಲೆಂಡಿನ ಒಂದು ಬೀದಿಯೂ ಇಲ್ಲ. ಇದ್ದದ್ದು ದೂರ್ವಾಸಪುರದ ಅಗ್ರಹಾರ. ಇದು ದೋಷವಲ್ಲ. ದೂರ ಹೋದದ್ದರಿಂದಲೇ ಅಗ್ರಹಾರ ಅಷ್ಟು ನಿಚ್ಚಳವಾಗಿ ಕಂಡಿತು ಎಂದು ಯಾರಾದರೂ ವಾದಿಸಬಹುದು, ನಾನೂ ಒಪ್ಪುತ್ತೇನೆ. ಆದರೆ ಆ ಯಶಸ್ಸು ನಮ್ಮಲ್ಲಿ ಒಂದು ಅಭ್ಯಾಸವನ್ನೂ ಬೆಳೆಸಿತು. ಪರದೇಶವೆಂದರೆ ನಮ್ಮನ್ನು ನಾವು ನೋಡಿಕೊಳ್ಳಲು ಎತ್ತರದ ಒಂದು ಕಟ್ಟೆ. ಆ ಕಟ್ಟೆಯ ಮೇಲೆ ಮೊದಲಿನಿಂದ ಕೂತವರು ಯಾರು, ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂದು ಕೇಳುವ ಅಗತ್ಯ ನಮಗೆ ಬೀಳಲಿಲ್ಲ.

ಪ್ರವಾಸ ಕಥನಗಳು ಈ ಕೊರತೆಯನ್ನು ತುಂಬಿದವೇ? ಕಾರಂತರ ‘ಅಪೂರ್ವ ಪಶ್ಚಿಮ’, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’, ಇವು ನಮಗೆ ಪ್ರಿಯವಾದ ಪುಸ್ತಕಗಳು. ಆದರೆ ಪ್ರವಾಸಿ ಅತಿಥಿ. ಅವನಿಗೆ ಎಲ್ಲವೂ ಹೊಸತು, ಮರಳುವ ದಿನ ಗೊತ್ತು, ಯಾರಿಗೂ ಅವನು ಲೆಕ್ಕ ಕೊಡಬೇಕಿಲ್ಲ. ಶಿಕ್ಷಕನಿಗೆ ಮೂರನೆಯ ತಿಂಗಳ ಹೊತ್ತಿಗೇ ಎಲ್ಲವೂ ಹಳತಾಗಿರುತ್ತದೆ. ಉಳಿಯುವುದು ಕೆಲಸ, ಒಪ್ಪಂದದ ಅವಧಿ, ಮತ್ತು ದಿನಾ ಎದುರಿಗೆ ಕೂರುವ ಅವೇ ಮುಖಗಳು.

ನಮ್ಮ ಹಾಸ್ಟೆಲ್ಲಿನಲ್ಲಿ ನನಗಿಂತ ಹಿರಿಯರಾಗಿದ್ದ ಅಕ್ಕ ಒಬ್ಬರು ಕೊಲ್ಲಿಯ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಅಲ್ಲಿಯ ಅನುಭವ ಬರೆಯಬಾರದೇ ಎಂದು ನಾನು ಒಮ್ಮೆ ಕೇಳಿದ್ದೆ. ಅವರ ಉತ್ತರ ವಾಯ್ಸ್ ಮೆಸೇಜಿನಲ್ಲಿ ಬಂತು: “ಇಲ್ಲೇನ ಬರಿಯೂದೈತಿ ತಂಗಿ? ಮುಂಜಾನೆ ಹಾಜರಿ ತಗೋಂತೀನಿ, ಸಂಜೀಕ ಪೇಪರ್ ತಿದ್ದತೀನಿ. ಒಂದ ಕ್ಲಾಸಿನ್ಯಾಗ ಒಂಬತ್ತು ದೇಶದ ಹುಡುಗರು. ಅವರ ಹೆಸರು ನೆಟ್ಟಗ ಕರಿಯಾಕ ನನಗ ಎರಡು ತಿಂಗಳು ಹಿಡೀತು ನೋಡು.” ಬರೆಯುವುದೇನೂ ಇಲ್ಲ ಎನ್ನುತ್ತಲೇ ಅವರು ಒಂದು ಕಾದಂಬರಿಗೆ ಸಾಲುವ ಸಾಮಗ್ರಿ ಕೊಟ್ಟಿದ್ದರು. ಬೇರೆಯವರ ಹೆಸರನ್ನು ತನ್ನ ನಾಲಿಗೆಗೆ ಒಗ್ಗಿಸಿಕೊಳ್ಳಲು ಹಿಡಿದ ಎರಡು ತಿಂಗಳು ನಮ್ಮ ಕಥನಕ್ಕೆ ವಸ್ತುವಾಗಿ ಕಂಡಿಲ್ಲ. ಅವರಿಗೂ ಕಂಡಿಲ್ಲ, ಯಾಕೆಂದರೆ ಬರೆಯಲು ಯೋಗ್ಯವಾದದ್ದು ಯಾವುದು ಎಂಬುದನ್ನು ಅವರೂ ನಾನೂ ಕಲಿತದ್ದು ಅವೇ ಪುಸ್ತಕಗಳಿಂದ.

ಹಾಗಾದರೆ ಪರದೇಶದ ತರಗತಿ ಕನ್ನಡದಲ್ಲಿ ಎಲ್ಲೂ ಗುರುತು ಬಿಟ್ಟಿಲ್ಲವೇ? ಬಿಟ್ಟಿದೆ. ಆದರೆ ನಾವು ಹುಡುಕುವ ಕಪಾಟಿನಲ್ಲಿ ಅಲ್ಲ.

ಎ. ಕೆ. ರಾಮಾನುಜನ್ 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. 1959ರಲ್ಲಿ ಅಮೆರಿಕಕ್ಕೆ ಹೋದರು. 1962ರಿಂದ, 1993ರಲ್ಲಿ ತೀರಿಕೊಳ್ಳುವವರೆಗೆ, ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಅವರ ಕನ್ನಡ ಕವಿತೆಗಳ ಮೊದಲ ಸಂಕಲನ 1969ರಲ್ಲಿ ಧಾರವಾಡದಿಂದಲೇ ಬಂತು. ನಾವು ಅವರನ್ನು ಕವಿಯಾಗಿ, ಅನುವಾದಕರಾಗಿ ಓದುತ್ತೇವೆ. ನೌಕರಿಯಲ್ಲಿದ್ದ ಮೇಷ್ಟರಾಗಿ ಓದುವುದು ಕಡಿಮೆ. 1973ರ ‘ಸ್ಪೀಕಿಂಗ್ ಆಫ್ ಶಿವ’ವನ್ನು ಆ ಕಣ್ಣಿನಿಂದ ನೋಡಿದರೆ ಅದು ಬೇರೆಯೇ ಪುಸ್ತಕವಾಗುತ್ತದೆ. ಬಸವಣ್ಣ, ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮ ಎಂಬ ಹೆಸರುಗಳನ್ನು ಎಂದೂ ಕೇಳಿರದ ಓದುಗನೊಬ್ಬ ಎದುರಿಗೆ ಕೂತಿದ್ದಾನೆ. ಅವನಿಗೆ ಎಲ್ಲಿಂದ ಶುರು ಮಾಡಬೇಕು? ದೀರ್ಘ ಪ್ರಸ್ತಾವನೆ, ಒಬ್ಬೊಬ್ಬರ ಪರಿಚಯ, ಕೊನೆಯ ಟಿಪ್ಪಣಿಗಳು, ಇವೆಲ್ಲ ಆ ಪ್ರಶ್ನೆಗೆ ಕೊಟ್ಟ ಉತ್ತರಗಳು. ಕೈ ಎತ್ತಿ “ಇದರ ಅರ್ಥವೇನು ಸರ್” ಎಂದು ಕೇಳಬಲ್ಲ ವಿದ್ಯಾರ್ಥಿಯ ಒತ್ತಡ ನನಗೆ ಆ ಪುಟಗಳಲ್ಲಿ ಕಾಣುತ್ತದೆ. ಊರಿನಲ್ಲಿದ್ದಿದ್ದರೆ ವಿವರಿಸಬೇಕಾಗಿಯೇ ಇರದಿದ್ದ ಸಂಗತಿಗಳನ್ನು ಪರದೇಶದ ತರಗತಿ ಅವರಿಂದ ವಿವರಿಸಿಕೊಂಡಿತು. ಅದರಿಂದ ಗಳಿಸಿದ್ದು ಅಲ್ಲಿಯ ವಿದ್ಯಾರ್ಥಿಗಳಷ್ಟೇ ಅಲ್ಲ. ವಚನಗಳನ್ನು ಕವಿತೆಯಾಗಿ ಓದುವ ಹೊಸ ಬಗೆಯೊಂದು ನಮಗೂ ಸಿಕ್ಕಿತು.

ಇದೇ ಮಾತನ್ನು ತಿರುಗಿಸಿಯೂ ನೋಡಬಹುದು, ಅದಕ್ಕೆ ಹುಬ್ಬಳ್ಳಿ-ಧಾರವಾಡಕ್ಕಿಂತ ಒಳ್ಳೆಯ ಜಾಗವಿಲ್ಲ. ಪರದೇಶದಿಂದ ಬಂದು ಬೇರೆಯವರ ಮಕ್ಕಳಿಗೆ ಶಾಲೆ ತೆರೆದವರನ್ನು ಈ ಊರುಗಳು 1830ರ ದಶಕದ ಕೊನೆಯಿಂದ ಕಂಡಿವೆ. ಬಾಸೆಲ್ ಮಿಶನ್ನಿನ ಆ ಸಾಲಿನಲ್ಲಿ 1853ರಲ್ಲಿ ಬಂದವರು ಫರ್ಡಿನಂಡ್ ಕಿಟ್ಟೆಲ್. ಅವರ ಶಬ್ದಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಶಬ್ದಗಳ ಆ ಗ್ರಂಥವನ್ನು ನಾವು ಪಾಂಡಿತ್ಯದ ಸ್ಮಾರಕವೆಂದು ದೂರದಿಂದಲೇ ಕೈ ಮುಗಿಯುತ್ತೇವೆ. ಅದನ್ನು ಪರದೇಶದಲ್ಲಿ ನೌಕರಿ ಮಾಡಿದವನ ನೋಟ್‌ಬುಕ್ ಎಂದು ತೆರೆದು ನೋಡಿ. ಮನೆಮಾತು ಜರ್ಮನ್, ಕಲಿತ ಮಾತು ಕನ್ನಡ, ಅರ್ಥ ಬರೆದದ್ದು ಇಂಗ್ಲಿಷಿನಲ್ಲಿ. ಎರಡು ಪರಭಾಷೆಗಳ ನಡುವೆ ನಿಂತು ಮಾಡಿದ ಕೆಲಸ. ಹಳೆಗನ್ನಡ ಕಾವ್ಯದ ಶಬ್ದದ ಪಕ್ಕದಲ್ಲೇ ಜನರ ಬಾಯಿಯ ಗಾದೆಗಳು ಬರುತ್ತವೆ. ಕೇಳಿಸಿಕೊಳ್ಳದೆ ಇದು ಆಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಕಿಟ್ಟೆಲರ ಬೆನ್ನಿಗೆ ಮಿಶನ್ ಇತ್ತು, ನೆತ್ತಿಯ ಮೇಲೆ ವಸಾಹತು ಆಡಳಿತದ ನೆರಳಿತ್ತು. ರಾಮಾನುಜನ್ ಅವರಿಗೆ ದೊಡ್ಡ ವಿಶ್ವವಿದ್ಯಾಲಯವಿತ್ತು. ಕೊಲ್ಲಿಗೆ ಹೋದ ನಮ್ಮ ಶಿಕ್ಷಕಿಗೆ ಏನಿದೆ? ಅವಳ ವೀಸಾ ಕೆಲಸ ಕೊಟ್ಟವರಿಗೆ ಕಟ್ಟಿಕೊಂಡಿದೆ. ನೌಕರಿ ಹೋದರೆ ದೇಶವೂ ಹೋಗುತ್ತದೆ. ದುಡ್ಡಿನ ಒಂದು ಪಾಲು ಪ್ರತಿ ತಿಂಗಳು ಹುಬ್ಬಳ್ಳಿಯ ಬ್ಯಾಂಕಿನ ಸಾಲದ ಖಾತೆಗೆ ಬರಬೇಕು. ಅವಳು ಕಲಿಸುವುದು ತನ್ನ ಭಾಷೆಯನ್ನಲ್ಲ, ತನ್ನ ಕಾವ್ಯವನ್ನಲ್ಲ. ಇನ್ನೊಬ್ಬರು ಸಿದ್ಧಪಡಿಸಿದ ಪಠ್ಯಕ್ರಮವನ್ನು, ಇನ್ನೊಬ್ಬರ ಇಂಗ್ಲಿಷಿನಲ್ಲಿ. ಅವಳಿಂದ ಶಬ್ದಕೋಶ ಕೇಳುವುದು ಕ್ರೌರ್ಯ. ನಾನು ಕೇಳುತ್ತಿಲ್ಲ. ನಾನು ಹೇಳುವುದು ಇಷ್ಟೇ: ಪರದೇಶದ ಶಿಕ್ಷಕ ಬರೆಯುವ ಬಗೆ ಆತ್ಮಕಥೆಗಿಂತ ಹೆಚ್ಚಾಗಿ ಟಿಪ್ಪಣಿಯ ಬಗೆ. ಬೇರೆಯವರ ಮಾತಿಗೆ ಅಂಚಿನಲ್ಲಿ ಬರೆದ ಅರ್ಥ. ‘ನಾನು’ ಎಂಬುದನ್ನೇ ನಡುವೆ ಇಟ್ಟುಕೊಂಡ ನವ್ಯ ಕಾದಂಬರಿಗೆ ಆ ಬಗೆ ಕೈಗೆ ಹತ್ತಲಿಲ್ಲ.

ಕಾದಂಬರಿಗೆ ಅದು ಸಾಧ್ಯವೇ ಇಲ್ಲವೆಂದೇನೂ ಅಲ್ಲ. ನೈರೋಬಿಯಲ್ಲಿ ಹುಟ್ಟಿ, ದಾರ್-ಎಸ್-ಸಲಾಮ್‌ನಲ್ಲಿ ಬೆಳೆದು, ಕೆನಡಾದಲ್ಲಿ ನೆಲೆಸಿದ ಎಂ. ಜಿ. ವಾಸನ್‌ಜಿಯವರ ‘ದ ಬುಕ್ ಆಫ್ ಸೀಕ್ರೆಟ್ಸ್’ 1994ರಲ್ಲಿ ಬಂತು, ಕೆನಡಾದ ಗಿಲ್ಲರ್ ಪ್ರಶಸ್ತಿಯನ್ನು ಮೊದಲ ವರ್ಷವೇ ಪಡೆಯಿತು. ಅದರ ನಿರೂಪಕ ಪಾಯಸ್ ಫರ್ನಾಂಡಿಸ್ ನಮ್ಮ ನೆರೆಯ ಗೋವಾದ ಮೂಲದವನು, ದಾರ್-ಎಸ್-ಸಲಾಮ್‌ನ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಬ್ರಿಟಿಷ್ ಅಧಿಕಾರಿಯೊಬ್ಬ 1913ರಲ್ಲಿ ಬರೆದಿಟ್ಟ ದಿನಚರಿ ಅವನ ಕೈಗೆ ಬರುತ್ತದೆ. ಅದರ ಹಿಂದೆ ಬಿದ್ದು ಅವನು ಒಂದು ಸಮುದಾಯದ ಕತೆಯನ್ನು ಬಿಡಿಸುತ್ತ ಹೋಗುತ್ತಾನೆ. ಬೇರೆಯವರ ಬದುಕಿಗೆ ಟಿಪ್ಪಣಿ ಬರೆಯುತ್ತಲೇ ತನ್ನ ಬದುಕಿನ ಹತ್ತಿರ ಬರುತ್ತಾನೆ. ಮದುವೆಯಾಗದೆ, ಊರಿಗೂ ಮರಳದೆ ಉಳಿದ ಈ ಮೇಷ್ಟರಿಗೆ ‘ನನ್ನವರು’ ಎಂದರೆ ಒಂದು ಕಾಲಕ್ಕೆ ತನ್ನ ತರಗತಿಯಲ್ಲಿ ಕೂತವರೇ. ಕಾದಂಬರಿ ಅವನನ್ನು ತ್ಯಾಗಿಯನ್ನಾಗಿ ಮಾಡುವುದಿಲ್ಲ, ಅನಾಥನನ್ನಾಗಿಯೂ ಮಾಡುವುದಿಲ್ಲ. ಕಲಿಸಿದ ಊರು ಅವನದಾಯಿತೇ ಇಲ್ಲವೇ ಎಂಬ ಪ್ರಶ್ನೆಯನ್ನು ಕೊನೆಯವರೆಗೂ ತೆರೆದಿಡುತ್ತದೆ. ‘ವಿಕ್ಷೇಪ’ದ ಯುವಕ ಓಡಿ ತಲುಪಿದ ಮೇಲೆ ಏನು ಎಂಬ ಪ್ರಶ್ನೆಗೆ ಇದು ಒಂದು ಉತ್ತರ. ಬರೆದದ್ದು ಮಾತ್ರ ಕನ್ನಡದಲ್ಲಲ್ಲ.

ಕನ್ನಡದಲ್ಲಿ ಇದರ ಸುಳಿವು ಕೊಟ್ಟ ಕೃತಿಯಾಗಿ ನನಗೆ ಮತ್ತೆ ರಾಮಾನುಜನ್ನರದೇ ನೆನಪಾಗುತ್ತದೆ, 1978ರ ‘ಮತ್ತೊಬ್ಬನ ಆತ್ಮಚರಿತ್ರೆ’. ಆ ಹೆಸರನ್ನು ಸಾಮಾನ್ಯವಾಗಿ ಒಡೆದ ವ್ಯಕ್ತಿತ್ವದ ಸೂಚನೆಯಾಗಿ ಓದುತ್ತಾರೆ. ಮೇಷ್ಟರ ಕಡೆಯಿಂದ ಓದಿದರೆ ಅದಕ್ಕೆ ಸರಳವಾದ ಇನ್ನೊಂದು ಅರ್ಥವಿದೆ. ಪರದೇಶದಲ್ಲಿ ಕಲಿಸುತ್ತ ಇದ್ದವನು ತನ್ನ ಕತೆ ಹೇಳಹೊರಟರೂ ಅದರಲ್ಲಿ ಮತ್ತೊಬ್ಬರು ಬಂದೇ ಬರುತ್ತಾರೆ.

ಈಗ ಹೋಗುತ್ತಿರುವ ಪೀಳಿಗೆ ಬರೆಯುತ್ತಿಲ್ಲವೆಂದೇನಲ್ಲ. ಡೈರಿಗಳು, ಅಂಕಣಗಳು ಬರುತ್ತಿವೆ. ಅವುಗಳಲ್ಲಿ ಜೋಳದ ರೊಟ್ಟಿಯ ಹಂಬಲ, ಮೊದಲ ಮಳೆಯ ನೆನಪು, ಯುಗಾದಿಗೆ ಬೇವು ಸಿಗದ ಸಂಕಟ ಧಾರಾಳವಾಗಿವೆ. ಅವು ಸುಳ್ಳಲ್ಲ. ಆದರೆ ಓದುಗರಾದ ನಾವೇ ಅವರಿಂದ ಅಷ್ಟನ್ನೇ ಬಯಸುತ್ತಿದ್ದೇವೆ. ನಮ್ಮನ್ನು ನೆನೆದು ಅತ್ತರೆ ನಮಗೆ ಸಮಾಧಾನ. ಸಿರಿಯಾದ ಹುಡುಗಿಯೊಬ್ಬಳಿಗೆ ಭಿನ್ನರಾಶಿ ಯಾಕೆ ತಲೆಗೆ ಹತ್ತಲಿಲ್ಲ, ಕೇರಳದ ಸಹೋದ್ಯೋಗಿಯ ಸಂಬಳಕ್ಕೂ ಬ್ರಿಟನ್ನಿನ ಸಹೋದ್ಯೋಗಿಯ ಸಂಬಳಕ್ಕೂ ಎಷ್ಟು ಅಂತರ, ತನ್ನ ಇಂಗ್ಲಿಷಿನ ಉಚ್ಚಾರ ಕೇಳಿ ನಕ್ಕ ತರಗತಿಯನ್ನು ಮರುದಿನ ಹೇಗೆ ಎದುರಿಸಿದೆ ಎಂದು ಬರೆದರೆ ನಾವು ಓದುತ್ತೇವೆಯೇ? ಪತ್ರಿಕೆಗಳು ಹಾಕಿಕೊಳ್ಳುತ್ತವೆಯೇ? ವಿಮರ್ಶಕರು ಅದನ್ನು ಕನ್ನಡದ ಅನುಭವವೆಂದು ಕರೆಯುತ್ತಾರೆಯೇ?

ಕರೆಯಬೇಕು ಎಂಬುದು ನನ್ನ ವಾದ. ಕಿಟ್ಟೆಲರು ಕೇಳಿಸಿಕೊಂಡ ನಮ್ಮ ಮಾತು ನಮ್ಮ ಭಾಷೆಯ ಆಸ್ತಿಯಾಗಿದೆ. ಹಾಗೆಯೇ ಹುಬ್ಬಳ್ಳಿಯ ಟೀಚರೊಬ್ಬರು ಕೇಳಿಸಿಕೊಂಡ ಬೇರೆಯವರ ಮಾತೂ ಕನ್ನಡದಲ್ಲಿ ಬಂದು ಕೂರಬೇಕು. ನಮ್ಮ ಅಕ್ಕನಿಗೆ ನಾನು ಈಗ ಅನುಭವ ಬರೆಯಿರಿ ಎಂದು ಹೇಳುವುದನ್ನು ಬಿಟ್ಟಿದ್ದೇನೆ. ಆ ಒಂಬತ್ತು ದೇಶದ ಮಕ್ಕಳಲ್ಲಿ ಮೊದಲು ಬಾಯಿಗೆ ಬಂದದ್ದು ಯಾರ ಹೆಸರು, ಕೊನೆಗೆ ಬಂದದ್ದು ಯಾರ ಹೆಸರು ಎಂದು ಕೇಳಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಹೇಳುತ್ತೇನೆ ಎಂದಿದ್ದಾರೆ.