ಕೋಡಿಯ ಗದ್ದೆಯೂ ‘ವಿಜ್ಞಾನ ಪ್ರಪಂಚ’ವೂ

ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು ಅವರ ಕುರಿತ ಲೇಖನಗಳಲ್ಲಿ ಸಾಮಾನ್ಯವಾಗಿ ‘ಇತರ ಕೃತಿಗಳು’ ಎಂಬ ಸಾಲಿನಲ್ಲಿ ಬಂದು ಹೋಗುತ್ತವೆ. ವಿಜ್ಞಾನ ಓದಿದವರಿಗೆ ಅವು ಹಳತಾದ ಪುಸ್ತಕಗಳು. ಸಾಹಿತ್ಯ ಓದಿದವರಿಗೆ ಸಾಹಿತ್ಯವೇ ಅಲ್ಲ. ನಾನು ಓದುತ್ತಿರುವ ವಿಜ್ಞಾನದ ಇತಿಹಾಸ ಮತ್ತು ತತ್ವಶಾಸ್ತ್ರದ ಪಾಡೂ ಹೆಚ್ಚುಕಡಿಮೆ ಇದೇ. ಕುಂದಾಪುರದ ಕಡೆಯ ಮದುವೆ ಊಟದಲ್ಲಿ ಪಕ್ಕದವರು “ಅದ್ ಸೈನ್ಸಾ, ಆರ್ಟ್ಸಾ?” ಎಂದು ಕೇಳುತ್ತಾರೆ. ಉತ್ತರ ಜೋಡಿಸಿಕೊಳ್ಳುವಷ್ಟರಲ್ಲಿ ಪಾಯಸ ಬಂದಿರುತ್ತದೆ.

ಈ ವಿಷಯ ಕೇಳುವ ಮುಖ್ಯ ಪ್ರಶ್ನೆ ಮಾತ್ರ ಸರಳವಾದದ್ದು. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎನ್ನುವುದು ವಿಜ್ಞಾನ. ಅದು ಗೊತ್ತಾದದ್ದು ಹೇಗೆ, ಯಾರಿಗೆ, ಅವರ ಮಾತನ್ನು ಉಳಿದವರು ನಂಬಿದ್ದೇಕೆ ಎನ್ನುವುದು ನಮ್ಮ ವಿಷಯ. ಈ ಪ್ರಶ್ನೆ ಹಿಡಿದು ಕಾರಂತರನ್ನು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಅವರ ವಿಶ್ವಕೋಶಕ್ಕಿಂತ ಅವರ ಕಾದಂಬರಿಯೇ ಇದಕ್ಕೆ ಚೆನ್ನಾಗಿ ಉತ್ತರಿಸುತ್ತದೆ.

‘ವಿಜ್ಞಾನ ಪ್ರಪಂಚ’ ಹೊರಬಂದದ್ದು 1959ರಿಂದ 1964ರ ನಡುವೆ. ಅದೇ ಅವಧಿಯಲ್ಲಿ, 1962ರಲ್ಲಿ, ಥಾಮಸ್ ಕೂನ್ ವೈಜ್ಞಾನಿಕ ಕ್ರಾಂತಿಗಳ ಸ್ವರೂಪದ ಬಗ್ಗೆ ತನ್ನ ಪ್ರಸಿದ್ಧ ಪುಸ್ತಕ ಪ್ರಕಟಿಸಿದ. ಪಠ್ಯಪುಸ್ತಕ ಓದಿ ವಿಜ್ಞಾನವನ್ನು ತಿಳಿಯುತ್ತೇವೆನ್ನುವುದು ಪ್ರವಾಸಿಗರ ಕೈಪಿಡಿ ನೋಡಿ ಒಂದು ನಾಡಿನ ಸಂಸ್ಕೃತಿಯನ್ನು ತಿಳಿಯ ಹೊರಟಂತೆ ಎಂಬುದು ಅವನ ಆರಂಭದ ತಕರಾರು. ಪಠ್ಯ ಫಲಿತಾಂಶ ಕೊಡುತ್ತದೆ, ಹಾದಿಯನ್ನು ಅಳಿಸುತ್ತದೆ. ವಿಶ್ವಕೋಶವೆಂಬ ರೂಪಕ್ಕೂ ಈ ತಕರಾರು ಅನ್ವಯಿಸುತ್ತದೆ.

ಆದರೆ ಕೂನ್‌ನ ಕೋಲಿನಿಂದ ಕಾರಂತರನ್ನು ಅಳೆದು ಮುಗಿಸುವುದು ಅನ್ಯಾಯ. ಕೂನ್ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಓದಿ ಬಂದವನು. ಕಾರಂತರು, ಈಗ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ 1902ರಲ್ಲಿ ಹುಟ್ಟಿ, ಅಸಹಕಾರ ಚಳವಳಿಯ ಕರೆಗೆ ಕಾಲೇಜು ಬಿಟ್ಟವರು. ಪದವಿಯಿಲ್ಲ, ಪ್ರಯೋಗಶಾಲೆಯಿಲ್ಲ. ಮಕ್ಕಳಿಗಾಗಿ 1930ರ ದಶಕದಲ್ಲೇ ‘ಬಾಲ ಪ್ರಪಂಚ’ ಮಾಡಿದ್ದವರು, ಆಮೇಲೆ ದೊಡ್ಡವರಿಗೂ ಒಬ್ಬರೇ ಕೂತು ಬರೆದರು. ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಓದುಗನಿಗೆ ಮೊದಲು ಬೇಕಿದ್ದದ್ದು ಫಲಿತಾಂಶವೇ. ಅದೇ ಇಲ್ಲದವನ ಮುಂದೆ ಅದನ್ನು ಪ್ರಶ್ನಿಸು ಎನ್ನುವುದು ಹಸಿದವನಿಗೆ ಊಟದ ದೋಷ ವಿವರಿಸಿದ ಹಾಗೆ. ರಾಚೆಲ್ ಕಾರ್ಸನ್ನಳ ಕಡಲಿನ ಪುಸ್ತಕವನ್ನು ‘ನಮ್ಮ ಸುತ್ತಲಿನ ಕಡಲು’ ಎಂದು ಅವರು ಕನ್ನಡಕ್ಕೆ ತಂದದ್ದೂ ಈ ಕೆಲಸದ ಭಾಗ. ಕಡಲ ದಂಡೆಯವರಿಗೆ ಕಡಲಿನ ವಿಜ್ಞಾನ ಅಟ್ಲಾಂಟಿಕ್ ದಾಟಿ ಬಂತು.

ಆ ದಂಡೆಯವರಿಗೆ ಅಷ್ಟರ ತನಕ ಕಡಲಿನ ಬಗ್ಗೆ ಏನೂ ಗೊತ್ತಿರಲಿಲ್ಲವೇ? ಇದಕ್ಕೆ ‘ಮರಳಿ ಮಣ್ಣಿಗೆ’ ತೆರೆಯಬೇಕು. ಕೋಟದ ಹತ್ತಿರದ ಕೋಡಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆಯ ಹಿನ್ನೀರು, ನಡುವೆ ರಾಮ ಐತಾಳರ ಮನೆ. ಐತಾಳರು ಪೌರೋಹಿತ್ಯಕ್ಕೆ ಹೋದಾಗ ಗದ್ದೆ ನಡೆಸುವವರು ಹೆಂಡತಿ ಪಾರೋತಿ ಮತ್ತು ತಂಗಿ ಸರಸೋತಿ. ದರಲೆ ಒಟ್ಟುವುದು, ಗೊಬ್ಬರ ಹೊರುವುದು, ನೆರೆಯಲ್ಲಿ ಕಡಲು ಸೇರಿ ದಂಡೆಗೆ ಬರುವ ಕಟ್ಟಿಗೆ ಹಿಡಿಯುವುದು — ಇವೆಲ್ಲ ಬರೀ ದುಡಿಮೆಯಲ್ಲ. ನೀರು ಯಾವಾಗ ಏರುತ್ತದೆ, ಮರಳು ನೆಲ ಎಷ್ಟು ಗೊಬ್ಬರ ಬೇಡುತ್ತದೆ ಎಂಬ ತಿಳಿವಳಿಕೆ ಆ ಕೈಗಳಲ್ಲಿದೆ. ಕಾರಂತರು ಅದನ್ನು ಹೊಗಳುವುದಿಲ್ಲ, ಮಾಡುತ್ತಿರುವಾಗಲೇ ತೋರಿಸುತ್ತಾರೆ. ತಿಳಿವಳಿಕೆ ಹುಟ್ಟುವ ಹಾದಿ ಕಾಣುವುದು ಇಲ್ಲಿ.

‘ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು’ ಎನ್ನುವ ಇಂದಿನ ಹುರುಪಿಗೆ ಈ ಕಾದಂಬರಿ ಒದಗುವುದಿಲ್ಲ. ಅಲ್ಲಿ ತಿಳಿದವರಿಗೆ ಸೊಂಟ ನೋಯುತ್ತದೆ, ತಿಳಿದದ್ದಕ್ಕೆ ಹೆಸರೂ ಸಿಗುವುದಿಲ್ಲ. ಫಸಲು ಐತಾಳರದ್ದು. ಹೆಂಗಸರ ಜೊತೆ ದುಡಿಯುವ ಆಳುಗಳದ್ದು ಇನ್ನೂ ಕೆಳಗಿನ ಮೆಟ್ಟಿಲು. ಅವರಿಗೆ ತಿಳಿದದ್ದನ್ನು ಕಾದಂಬರಿ ಕೂಡ ಸಾಲದಷ್ಟೇ ಕೇಳಿಸಿಕೊಂಡಿದೆ ಎಂಬುದು ನನ್ನ ದೂರು.

ಇದು ಕಾದಂಬರಿಯೊಂದರ ಸಮಸ್ಯೆಯೂ ಅಲ್ಲ. ಟಿಪ್ಪು ಮಡಿದ ಮೇಲೆ ಕಂಪನಿ ಸರ್ಕಾರ ಕಳಿಸಿದ ವೈದ್ಯ, ಸಸ್ಯಶಾಸ್ತ್ರಜ್ಞ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಕುಂದಾಪುರ, ಬೈಂದೂರು ದಾಟಿ ಭಟ್ಕಳದ ಕಡೆ ಹೋದ. ಕನ್ನಡ ಜಿಲ್ಲೆಯುದ್ದಕ್ಕೂ ಮಣ್ಣು, ಭತ್ತ, ಗೇಣಿ ಎಂದು ಕೇಳುತ್ತಲೇ ನಡೆದ. ನೀರಿನ ಆಸರೆಗೆ ತಕ್ಕಂತೆ ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವ ಇಲ್ಲಿನ ಕ್ರಮ ಅವನ ಪುಸ್ತಕದಲ್ಲಿದೆ. ಈ ವಿಂಗಡಣೆ ಅಪ್ಪಟ ವಿಜ್ಞಾನದ ಕೆಲಸ: ಕಂಡದ್ದನ್ನು ಹೋಲಿಸಿ, ಗುಂಪು ಮಾಡಿ, ಮುಂದಿನ ಬೆಳೆಯನ್ನು ಊಹಿಸುವುದು. ಲಂಡನ್ನಿನಲ್ಲಿ 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾದಾಗ ಹೆಸರು ಉಳಿದದ್ದು ಬುಕಾನನ್ನದು. ಉತ್ತರ ಕೊಟ್ಟ ರೈತರು ಹೆಚ್ಚಾಗಿ ‘ಇಲ್ಲಿನವರು’ ಅಷ್ಟೇ.

ಬ್ರಹ್ಮಾವರಕ್ಕೆ ಹತ್ತಿರದ ಮಣಿಪಾಲದಲ್ಲಿ 2010ರಲ್ಲಿ ಸುಂದರ್ ಸಾರುಕ್ಕೈ ಅವರ ನೇತೃತ್ವದಲ್ಲಿ ತತ್ವಶಾಸ್ತ್ರ ಮತ್ತು ಮಾನವಿಕಗಳ ಕೇಂದ್ರ ಶುರುವಾಯಿತು. ಅಂಥ ಕಡೆ ಓದುವ ನಮ್ಮವರು ಗೆಲಿಲಿಯೋನಿಂದ ಆರಂಭಿಸುವುದು ಸರಿಯೇ. ಬೈಲು-ಮಜಲಿನ ತನಕ ಬರುವುದೂ ಬೇಕು. ಅದಕ್ಕೆ ಕಾದಂಬರಿಯನ್ನು ಆಕರವಾಗಿ ಓದುವ ಧೈರ್ಯ ಬೇಕು. ಕನ್ನಡ ವಿಭಾಗಗಳು ಇದನ್ನು ‘ಪ್ರಾದೇಶಿಕತೆ’ ಎಂದು ಕರೆದು ಕೈತೊಳೆದುಕೊಳ್ಳುತ್ತವೆ.

ಕಾರಂತರಿಗೆ ಈ ಎರಡು ಬರಹಗಳ ನಡುವೆ ಗೋಡೆ ಇತ್ತೆಂದು ನನಗನ್ನಿಸುವುದಿಲ್ಲ. ತಜ್ಞರ ಮಾತನ್ನು ಜನರಿಗೆ ತಲುಪಿಸಲು ನಾಲ್ಕು ಸಂಪುಟ ಬರೆದ ಅದೇ ಮನುಷ್ಯ ಕೈಗಾ ಅಣುಸ್ಥಾವರದ ವಿಷಯದಲ್ಲಿ ತಜ್ಞರ ಮಾತನ್ನೇ ಪ್ರಶ್ನಿಸಿದರು. 1989ರಲ್ಲಿ, ಎಂಬತ್ತೇಳರ ಹೊತ್ತಿಗೆ, ಪರಿಸರದ ಹೆಸರಿನಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಇದನ್ನು ವಿಜ್ಞಾನದ ಮೇಲಿನ ಮುನಿಸೆಂದವರಿದ್ದಾರೆ. ಅಪಾಯ ಹೊರಬೇಕಾದವರಿಗೆ ತಿಳಿಯುವ, ಕೇಳುವ ಹಕ್ಕಿದೆ ಎನ್ನುವುದು ಮುನಿಸಲ್ಲ. ಕೋಡಿಯ ಗದ್ದೆಯಲ್ಲಿ ಸರಸೋತಿಯನ್ನು ತಿಳಿದವಳೆಂದು ಕಂಡ ಕಣ್ಣು ಅದು. ಕಾರಂತರು ತೀರಿಕೊಂಡದ್ದು 1997ರಲ್ಲಿ. ಕೈಗಾದ ಮೊದಲ ಘಟಕಗಳು ವಾಣಿಜ್ಯ ಮಟ್ಟದಲ್ಲಿ ವಿದ್ಯುತ್ ಕೊಡತೊಡಗಿದ್ದು 2000ದಲ್ಲಿ.